ಸರೇಸು ಕಾಯಿಸಲು ಕೈಗೆಟಕುವ ಪಾತ್ರೆ: ಸಾಗರದ ಒಂದು ಕಾರ್ಯಾಗಾರದಲ್ಲಿ ಮೂರು ಉಪಕರಣಗಳ ಪರೀಕ್ಷೆ

ಸಾಗರದ ನನ್ನ ಚಿಕ್ಕ ಕಾರ್ಯಾಗಾರದಲ್ಲಿ ಹಳೆಯ ಹಾರ್ಮೋನಿಯಂ, ತಂಬೂರಿ ಮತ್ತು ಮಲೆನಾಡಿನ ಮನೆಗಳ ಬೀಟೆ, ಸಾಗುವಾನಿ ಪೆಟ್ಟಿಗೆಗಳನ್ನು ದುರಸ್ತಿ ಮಾಡುತ್ತ ಬಂದಿದ್ದೇನೆ. ಈ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಸರೇಸನ್ನು, ಅಂದರೆ ಪ್ರಾಣಿಗಳ ಚರ್ಮದಿಂದ ತೆಗೆದು ಒಣಗಿಸಿ ಹರಳು ಮಾಡಿದ ಅಂಟನ್ನು. ಅದನ್ನು ತಣ್ಣೀರಿನಲ್ಲಿ ನೆನೆಹಾಕಿ, 60 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಬಿಸಿ ಮಾಡಿ, ಕೆಲಸ ಮುಗಿಯುವವರೆಗೂ ಆ ಬಿಸಿ ಏರದಂತೆ ಇಳಿಯದಂತೆ ಕಾಯ್ದುಕೊಳ್ಳಬೇಕು. ಈ ಒಂದು ಅಗತ್ಯಕ್ಕಾಗಿ ಎರಡು ವರ್ಷಗಳಲ್ಲಿ ಮೂರು ಬಗೆಯ ವಿದ್ಯುತ್ ಪಾತ್ರೆಗಳನ್ನು ಬಳಸಿ ನೋಡಿದ್ದೇನೆ. ಮೂರೂ ಸರೇಸಿಗೆಂದು ತಯಾರಾದವಲ್ಲ. ಒಂದು, ಮಗುವಿನ ಹಾಲಿನ ಬಾಟಲಿಯನ್ನು ಬೆಚ್ಚಗಿಡುವ ವಾರ್ಮರ್. ಇನ್ನೊಂದು, ಒಂದು ಲೀಟರಿನ ರೈಸ್ ಕುಕ್ಕರ್. ಮತ್ತೊಂದು, ಬ್ಯೂಟಿ ಪಾರ್ಲರುಗಳಲ್ಲಿ ಬಳಸುವ ವ್ಯಾಕ್ಸ್ ಹೀಟರ್. ಇವುಗಳಲ್ಲಿ ಯಾವುದು ನಮ್ಮ ಕಸುಬಿಗೆ ಒದಗುತ್ತದೆ, ಯಾವ ತಿದ್ದುಪಡಿ ಮಾಡಿಕೊಂಡರೆ ಒದಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರೇಸಿಗೆಂದೇ ತಯಾರಾದ ವಿದ್ಯುತ್ ಪಾತ್ರೆಗಳು ಹೊರದೇಶಗಳಲ್ಲಿ ದೊರೆಯುತ್ತವೆ. ದಪ್ಪ ಗೋಡೆ, ಒಳಗೇ ಕೂಡಿಸಿದ ಥರ್ಮೋಸ್ಟಾಟ್, ಬದಲಿಸಲು ಗುಂಡಿಯೇ ಇಲ್ಲದ ಒಂದೇ ನಿಗದಿತ ಶಾಖ. ವಾದ್ಯ ತಯಾರಕರು ಅವನ್ನು ಮೆಚ್ಚುವುದರಲ್ಲಿ ಅರ್ಥವಿದೆ. ಆದರೆ ಅಮೆರಿಕದಲ್ಲಿ ಮಾರಾಟವಾಗುವ ಪಾತ್ರೆಗಳು ಅಲ್ಲಿನ 120 ವೋಲ್ಟಿಗೆ ಹೊಂದುವಂಥವು. ನಮ್ಮ 230 ವೋಲ್ಟಿಗೆ ಸೇರಿಸಬೇಕಾದರೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಮೇಲೆ ಸಾಗಣೆಯ ಖರ್ಚು, ಆಮದು ಸುಂಕ. ತಿಂಗಳಿಗೆ ಹತ್ತಾರು ದುರಸ್ತಿ ಮಾಡುವ ನನ್ನಂಥವರಿಗೆ ಅಷ್ಟು ಹಣ ಹಾಕುವುದು ಸರಿಯೆನಿಸಲಿಲ್ಲ.

ಪಾತ್ರೆಯ ಗುಣದೋಷ ಹೇಳುವ ಮೊದಲು, ಬಿಸಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂಬುದನ್ನು ಹೇಳಬೇಕು. ಸರೇಸು ಮೂಲತಃ ಒಂದು ಪ್ರೋಟೀನು. ಚರ್ಮದಲ್ಲಿರುವ ಕೊಲಾಜೆನ್ ನೀರು ಮತ್ತು ಶಾಖದಿಂದ ಸಡಿಲಗೊಂಡು ಉದ್ದುದ್ದ ಎಳೆಗಳಾಗಿ ನೀರಿನಲ್ಲಿ ಕರಗಿರುತ್ತದೆ, ತಣ್ಣಗಾದಾಗ ಆ ಎಳೆಗಳು ಮತ್ತೆ ಹೆಣೆದುಕೊಂಡು ಗಟ್ಟಿ ಲೋಳೆಯಾಗುತ್ತವೆ, ನೀರು ಆರಿದ ಮೇಲೆ ಗಾಜಿನಂತೆ ಬಿಗಿಯುತ್ತವೆ. 60ರಿಂದ 65 ಡಿಗ್ರಿಯ ನಡುವೆ ಅದು ಸರಾಗವಾಗಿ ಹರಿಯುತ್ತದೆ. 70 ದಾಟಿಸಿ ಗಂಟೆಗಟ್ಟಲೆ ಇಟ್ಟರೆ ಎಳೆಗಳು ತುಂಡು ತುಂಡಾಗಿ, ಅಂಟು ನೋಡಲು ಹಾಗೆಯೇ ಇದ್ದರೂ ಹಿಡಿತ ಕಳೆದುಕೊಳ್ಳುತ್ತದೆ. ಬಿಸಿ ಸಾಲದಿದ್ದರೆ ಇನ್ನೊಂದು ತೊಂದರೆ: ಅಂಟು ದಪ್ಪಗಾಗಿ ಮರದ ಮೇಲೆ ಹರಡುವ ಮುನ್ನವೇ ಲೋಳೆ ಕಟ್ಟುತ್ತದೆ, ಮತ್ತು ಬೆಚ್ಚಗಿನ ಪ್ರೋಟೀನಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಒಂದೇ ದಿನದಲ್ಲಿ ಕೊಳೆತ ವಾಸನೆ ಬರತೊಡಗುತ್ತದೆ. ಹೀಗಾಗಿ ನಮಗೆ ದಕ್ಕುವ ಅವಕಾಶ ಐದಾರು ಡಿಗ್ರಿಯದು ಮಾತ್ರ.

ಈ ಪಾಠವನ್ನು ನಾನು ಒಂದು ಭಜನಾ ಮಂಡಳಿಯ ಹಾರ್ಮೋನಿಯಂನಿಂದ ಕಲಿತೆ. ತಿದಿಯ ಮೂಲೆಗಳಿಗೆ ಹೊಸ ಚರ್ಮ ಅಂಟಿಸಿ ಕೊಟ್ಟಿದ್ದೆ. ಆಗ ನಾನು ಸರೇಸಿನ ಡಬ್ಬಿಯನ್ನು ಗ್ಯಾಸ್ ಒಲೆಯ ಮೇಲೆ ಕುದಿಯುವ ನೀರಿನಲ್ಲಿಟ್ಟು, ಮರೆತು, ಮಧ್ಯಾಹ್ನದ ಊಟ ಮುಗಿಸಿ ಬಂದು ಬಳಸಿದ್ದೆ. ಎರಡು ತಿಂಗಳಲ್ಲಿ ಮೂರು ಮೂಲೆಗಳು ಬಿಟ್ಟುಕೊಂಡು ಗಾಳಿ ಸೋರುತ್ತಿದೆ ಎಂದು ವಾದ್ಯ ಹಿಂದಿರುಗಿತು. ಬಿಚ್ಚಿ ನೋಡಿದರೆ ಚರ್ಮದ ಹಿಂದೆ ಅಂಟು ಪದರವಾಗಿ ನಿಂತಿರಲಿಲ್ಲ, ಉಗುರಿನಿಂದ ಕೆರೆದರೆ ಹಳದಿ ಪುಡಿಯಾಗಿ ಉದುರುತ್ತಿತ್ತು. ಮಂಡಳಿಯವರು ಬೇಸರಪಡದೆ ಮತ್ತೆ ಕೊಟ್ಟರು. ಆ ದಿನದಿಂದ ಅಳೆಯದೆ ಅಂಟು ಹಚ್ಚುವುದನ್ನು ನಿಲ್ಲಿಸಿದ್ದೇನೆ.

ಸಾಗರ ಮತ್ತು ಸೊರಬದ ಗುಡಿಗಾರರು ತಲೆಮಾರುಗಳಿಂದ ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರ ಪೈಕಿ ಹಿರಿಯರೊಬ್ಬರ ಬಳಿ ನಾನು ಕೆಲಸ ಕಲಿಯುತ್ತಿದ್ದಾಗ ಥರ್ಮಾಮೀಟರ್ ಎಂಬುದೇ ಇರಲಿಲ್ಲ. "ತಮ್ಮಾ, ಬೆರಳು ಅದ್ದಿದ್ರೆ ತಟಕ್ಕನೆ ತೆಗೀಬೇಕು ಅನ್ನಿಸ್ಬೇಕು, ಆದ್ರೆ ಕೂಗೋ ಹಾಗೆ ಇರಬಾರ್ದು" ಎಂದು ಅವರು ಹೇಳುತ್ತಿದ್ದರು. ಕಸುಬಿನಲ್ಲಿ ಗಟ್ಟಿಯಾದ ಅವರ ಬೆರಳಿಗೆ ಆ ಅಳತೆ ತಪ್ಪುತ್ತಿರಲಿಲ್ಲ. ಹೊಸಬರಿಗೆ ನಾನು ಅದನ್ನು ಹೇಳಿಕೊಡುವುದಿಲ್ಲ, ಏಕೆಂದರೆ 60 ಡಿಗ್ರಿಯ ದ್ರವ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಆದರೆ ಅವರು ಕಲಿಸಿದ ಇನ್ನೊಂದು ಪರೀಕ್ಷೆಯನ್ನು ಇಂದಿಗೂ ಪ್ರತಿ ಸಲ ಮಾಡುತ್ತೇನೆ. ಕಡ್ಡಿಯ ತುದಿಯಿಂದ ಒಂದು ಹನಿ ಸರೇಸನ್ನು ಹೆಬ್ಬೆರಳಿನ ಮೇಲೆ ಹಾಕಿ, ತುಸು ಆರಿದ ಮೇಲೆ ತೋರುಬೆರಳಿನಿಂದ ಒತ್ತಿ ಬಿಡಬೇಕು. ಹೋಳಿಗೆಗೋ ಉಂಡೆಗೋ ಪಾಕ ನೋಡುವಾಗ ಮಾಡುತ್ತೇವಲ್ಲ, ಹಾಗೆ. ಒಳ್ಳೆಯ ಸರೇಸಾದರೆ ಬೆರಳುಗಳ ನಡುವೆ ಹತ್ತಿಯಂಥ ನವಿರಾದ ಹತ್ತಾರು ಎಳೆಗಳು ಏಳುತ್ತವೆ. ಕಾದು ಕೆಟ್ಟ ಸರೇಸು ಜಿಗುಟಾಗುತ್ತದೆ, ಎಳೆ ಬರುವುದಿಲ್ಲ. ಮೂರು ಪಾತ್ರೆಗಳನ್ನೂ ತೂಗಿ ನೋಡುವಾಗ ಥರ್ಮಾಮೀಟರಿನ ಅಂಕಿಯ ಜೊತೆಗೆ ಈ ಎಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಪರೀಕ್ಷೆಗೆ ಪ್ರತಿ ಸಲವೂ ಒಂದೇ ಅಳತೆ ಇಟ್ಟುಕೊಂಡೆ. 192 ಗ್ರಾಂ ದರ್ಜೆಯ ಹರಳು 50 ಗ್ರಾಂ, ತಣ್ಣೀರು 90 ಗ್ರಾಂ, ಎರಡನ್ನೂ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ರಾತ್ರಿಯಿಡೀ ನೆನೆಸಿದ್ದು. ಇಲ್ಲಿ ದರ್ಜೆಯ ಗ್ರಾಂ ಎಂದರೆ ಅಂಟಿನ ತೂಕವಲ್ಲ. ಲೋಳೆಯನ್ನು ನಿಗದಿತ ಆಳಕ್ಕೆ ಒತ್ತಲು ಬೇಕಾಗುವ ಭಾರ. ಆ ಸಂಖ್ಯೆ ಹೆಚ್ಚಿದಷ್ಟೂ ಅಂಟು ಬೇಗ ಲೋಳೆ ಕಟ್ಟುತ್ತದೆ. 251ರ ದರ್ಜೆ ವಾದ್ಯದ ಕೆಲಸಕ್ಕೆ ಚೆನ್ನಾಗಿದೆಯಾದರೂ ದೊಡ್ಡ ಹಲಗೆ ಕೂಡಿಸುವಾಗ ಕೈ ಅಷ್ಟು ಚುರುಕಾಗಿ ಓಡುವುದಿಲ್ಲ. ಬೆಳಗ್ಗೆ ನೋಡಿದಾಗ ಹರಳುಗಳು ನೀರನ್ನೆಲ್ಲ ಹೀರಿ, ನೆನೆದ ಸಬ್ಬಕ್ಕಿಯಂತೆ ಉಬ್ಬಿರಬೇಕು; ಒಳಗೆ ಗಟ್ಟಿ ಕಾಳು ಉಳಿದಿದ್ದರೆ ಅದು ಬಿಸಿಯಲ್ಲಿ ಗಂಟಾಗುತ್ತದೆ.

ಮೊದಲು ಕೊಂಡದ್ದು ಹಾಲಿನ ಬಾಟಲಿಯ ವಾರ್ಮರ್. ಬೆಲೆ 1,200 ರೂಪಾಯಿ. ನೋಡಲು ಅಂದವಾಗಿದೆ, ಮೇಜಿನ ಮೇಲೆ ಜಾಗ ಕೇಳುವುದಿಲ್ಲ, ಒಳಗೆ ನೀರು ಹಾಕಿ ಬಾಟಲಿ ಇಡುವ ವ್ಯವಸ್ಥೆ ಇರುವುದರಿಂದ ಅಂಟಿಗೆ ನೇರ ಶಾಖ ತಗಲುವುದಿಲ್ಲ. ಆದರೆ ಅದರ ಹಾಲಿನ ಗುರುತು 40 ಡಿಗ್ರಿಯದು, ಸರೇಸು ಆಗಷ್ಟೇ ಲೋಳೆಯಿಂದ ಬಿಡಿಸಿಕೊಳ್ಳುವ ಬಿಸಿ. ಅನ್ನ-ಸರಿ ಬಿಸಿ ಮಾಡುವ ಮೇಲಿನ ಗುರುತಿಗೆ ತಿರುಗಿಸಿದರೆ ನೀರು 74ರವರೆಗೆ ಹೋಯಿತು. ಎರಡರ ನಡುವೆ ನಿಲ್ಲಿಸಲು ಏನೂ ಇಲ್ಲ. ಜೊತೆಗೆ ಕೆಲವು ಗಂಟೆಗಳ ನಂತರ ತಾನಾಗಿಯೇ ಆರಿಹೋಗುವ ಏರ್ಪಾಡು ಇದೆ. ತಾಯಂದಿರಿಗೆ ಅದು ಒಳ್ಳೆಯದೇ, ಆದರೆ ವೀಣೆಯ ಬಿರುಕಿಗೆ ಕ್ಲಾಂಪ್ ಬಿಗಿಯುತ್ತಿರುವಾಗ ಅಂಟು ಹೆಪ್ಪುಗಟ್ಟಿದ್ದು ಕಂಡರೆ ಬಹಳ ಕಷ್ಟವಾಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವ ಸಣ್ಣ ಕೆಲಸ, ಉದಾಹರಣೆಗೆ ಹಾರ್ಮೋನಿಯಂನಲ್ಲಿ ಬೆರಳಿನಿಂದ ಒತ್ತುವ ಒಂದೆರಡು ಮನೆಗಳ ಕೆಳಗಿನ ಚರ್ಮ ಬದಲಿಸುವುದು, ಇಂಥದ್ದಕ್ಕೆ ಸಾಲುತ್ತದೆ. ಅದಕ್ಕಿಂತ ಹೆಚ್ಚಿನ ಶಿಫಾರಸು ನನ್ನಿಂದಾಗದು.

ರೈಸ್ ಕುಕ್ಕರ್ ಮನೆಯಲ್ಲೇ ಇತ್ತು, ಆದ್ದರಿಂದ ಖರ್ಚಿಲ್ಲ. ಹಲವರು ಅದರ 'ವಾರ್ಮ್' ಸ್ಥಿತಿಯನ್ನು ನಂಬಿ ಬಳಸುವುದುಂಟು. ನನ್ನ ಕುಕ್ಕರಿನಲ್ಲಿ ಅರ್ಧ ಪಾತ್ರೆ ನೀರು, ಅದರೊಳಗೆ ಅಂಟಿನ ಶೀಸೆ ಇಟ್ಟು ಎರಡು ಗಂಟೆ ಬಿಟ್ಟಾಗ ನೀರು 76 ಡಿಗ್ರಿಯಲ್ಲಿ ನಿಂತಿತ್ತು. ಅನ್ನ ಹಳಸದಂತೆ ಇಡಲು ಅಷ್ಟು ಬಿಸಿ ಒಳ್ಳೆಯದೇ, ಸರೇಸಿಗೆ ಅದು ಅತಿಯಾಯಿತು. ಮುಚ್ಚಳ ಓರೆ ಮಾಡಿ ಇಟ್ಟರೆ 70ಕ್ಕೆ ಇಳಿಯುತ್ತದೆ, ಫ್ಯಾನ್ ಹಾಕಿದರೆ ಇನ್ನೂ ಇಳಿಯುತ್ತದೆ, ಆದರೆ ಹೀಗೆ ಗಾಳಿಯನ್ನು ನಂಬಿ ಅಂಟು ಕಾಯಿಸುವುದು ಕ್ರಮವಲ್ಲ. ನೀರಿನ ಬಿಸಿ ಅಳೆದು ವಿದ್ಯುತ್ ಕಡಿಯುವ, ಕೂಡಿಸುವ ಒಂದು ನಿಯಂತ್ರಕವನ್ನು ಹೊರಗೆ ಸೇರಿಸಿ ನೋಡಿದೆ. ಮುನ್ನೂರು ವ್ಯಾಟಿನ ಅದರ ತಟ್ಟೆಯಲ್ಲಿ ಶಾಖ ಎಷ್ಟು ತುಂಬಿಕೊಂಡಿರುತ್ತದೆಂದರೆ, ವಿದ್ಯುತ್ ಕಡಿದ ಮೇಲೂ ನೀರು ನಾಲ್ಕು ಡಿಗ್ರಿ ಮೇಲೇರುತ್ತಿತ್ತು. ದೊಡ್ಡ ಕಪಾಟಿಗೆ ಅರ್ಧ ಲೀಟರ್ ಅಂಟು ಬೇಕಾದಾಗ ಮಾತ್ರ ಈಗ ಅದನ್ನು ತೆಗೆಯುತ್ತೇನೆ, ಮತ್ತು ಅದರಲ್ಲಿ ಮತ್ತೆ ಅನ್ನ ಮಾಡುವುದಿಲ್ಲ.

ನನ್ನ ಮೇಜಿನ ಮೇಲೆ ಖಾಯಂ ಉಳಿದುಕೊಂಡದ್ದು ವ್ಯಾಕ್ಸ್ ಹೀಟರ್. ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತ ಸೌಂದರ್ಯ ಸಾಧನಗಳನ್ನು ಮಾರುವ ಅಂಗಡಿಯೊಂದರಲ್ಲಿ 650 ರೂಪಾಯಿಗೆ ಕೊಂಡೆ. ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಈ ಹೀಟರುಗಳು ಹತ್ತಾರು ಹೆಸರುಗಳಲ್ಲಿ ಬರುತ್ತವೆ, ಹಾಗಾಗಿ ಇಂಥದೇ ಹೆಸರಿನದು ಕೊಳ್ಳಿ ಎಂದು ಹೇಳುವುದರಲ್ಲಿ ಹುರುಳಿಲ್ಲ. ಹೊರಗೆ ಪ್ಲಾಸ್ಟಿಕ್ ಕವಚ, ಒಳಗೆ ಹೊರತೆಗೆಯಬಹುದಾದ ಸುಮಾರು ಅರ್ಧ ಲೀಟರಿನ ಅಲ್ಯೂಮಿನಿಯಂ ಬಕೆಟ್ಟು, ತಂತಿಯ ಹಿಡಿಕೆ, ಪಾರದರ್ಶಕ ಮುಚ್ಚಳ, ಮುಂದೆ ಒಂದು ತಿರುಗುಗುಂಡಿ, ಒಂದು ಕೆಂಪು ದೀಪ. ಸುಮಾರು 100 ವ್ಯಾಟು. ವ್ಯಾಟು ಕಡಿಮೆ ಇರುವುದೇ ಇದರ ಮುಖ್ಯ ಗುಣ. ನಿಧಾನವಾಗಿ ಕಾಯುತ್ತದೆ, ಆದ್ದರಿಂದ ಮಿತಿ ಮೀರುವುದೂ ನಿಧಾನ. ಬಕೆಟ್ಟು ಹೊರಗೆ ಬರುವುದರಿಂದ ತೊಳೆಯುವುದು ಸುಲಭ. ಬಾಯಿ ಅಗಲವಾಗಿರುವುದರಿಂದ ಒಂದು ಅಂಗುಲದ ಬ್ರಷ್ಷು ಆರಾಮವಾಗಿ ಇಳಿಯುತ್ತದೆ.

ಆದರೆ ಪೆಟ್ಟಿಗೆಯಿಂದ ತೆಗೆದು, ಬಕೆಟ್ಟಿಗೆ ನೇರವಾಗಿ ಸರೇಸು ಸುರಿದು, ಗುಂಡಿಯನ್ನು 60ಕ್ಕೆ ತಿರುಗಿಸಿ ಬಳಸಿದರೆ ನಿರಾಶೆಯಾಗುವುದು ಖಂಡಿತ. ಮೊದಲ ದಿನ ನಾನು ಹಾಗೆಯೇ ಮಾಡಿದೆ. ಅಂಟಿನ ಮೇಲ್ಭಾಗ 61 ತೋರಿಸುತ್ತಿದ್ದಾಗ ತಳಕ್ಕೆ ತಾಗಿಸಿದ ಥರ್ಮಾಮೀಟರ್ 78ಕ್ಕೆ ಏರಿತ್ತು. ಎರಡನೆಯ ಗಂಟೆಗೆ ತಳದಲ್ಲಿ ಕಂದು ಪದರ ಹಿಡಿದು, ಹಾಲು ತಳ ಹಿಡಿದಾಗ ಬರುವಂಥ ಕಮಟು ಏಳತೊಡಗಿತು. ಗುಂಡಿಯ ಮೇಲಿನ ಅಂಕಿಗಳಿಗೂ ಒಳಗಿನ ಬಿಸಿಗೂ ನಿಖರವಾದ ಸಂಬಂಧವಿಲ್ಲ ಎಂಬುದೂ ಗೊತ್ತಾಯಿತು. ಒಳಗಿರುವುದು ಎರಡು ಲೋಹಗಳ ಪಟ್ಟಿ ಬಾಗಿ ಸಂಪರ್ಕ ಕಡಿಯುವ ಸಾದಾ ಥರ್ಮೋಸ್ಟಾಟ್. ಅದು ಕಡಿಯುವ ಬಿಸಿಗೂ ಮತ್ತೆ ಕೂಡುವ ಬಿಸಿಗೂ ನಡುವೆ ನನ್ನ ಹೀಟರಿನಲ್ಲಿ ಹನ್ನೊಂದು ಡಿಗ್ರಿ ಅಂತರವಿದೆ: 58ಕ್ಕೆ ಹೊತ್ತಿಕೊಂಡದ್ದು 69ಕ್ಕೆ ಆರುತ್ತದೆ. ಮೇಣಕ್ಕೆ ಇದರಿಂದ ಏನೂ ತೊಂದರೆಯಿಲ್ಲ.

ಇದಕ್ಕೆ ಪರಿಹಾರ ನಮ್ಮ ಹಿಂದಿನವರ ಎರಡು ಪಾತ್ರೆಗಳ ಕ್ರಮವೇ. ಹೊರಗಿನದರಲ್ಲಿ ನೀರು, ಒಳಗಿನದರಲ್ಲಿ ಅಂಟು. ನಾನು ಬಕೆಟ್ಟಿನಲ್ಲಿ ಮುನ್ನೂರು ಮಿಲಿಲೀಟರ್ ನೀರು ಹಾಕಿ, ತಳದಲ್ಲಿ ನಾಲ್ಕು ಪದರ ಮಡಿಸಿದ ಹಳೆಯ ಪಂಚೆಯ ತುಂಡು ಇಟ್ಟು, ಅದರ ಮೇಲೆ ಅಗಲ ಬಾಯಿಯ ಜಾಮ್ ಶೀಸೆಯಲ್ಲಿ ಸರೇಸು ಇಡುತ್ತೇನೆ. ಶೀಸೆ ಲೋಹಕ್ಕೆ ತಾಗಬಾರದು ಎಂಬುದಕ್ಕೇ ಆ ಬಟ್ಟೆ. ಫ್ರಿಜ್ಜಿನಿಂದ ತೆಗೆದ ಶೀಸೆಯನ್ನು ಬಿಸಿ ನೀರಿಗೆ ಇಳಿಸಿದರೆ ಒಡೆಯುತ್ತದೆ. ತಣ್ಣೀರಿನಲ್ಲೇ ಇಟ್ಟು ಹೀಟರ್ ಹಾಕಬೇಕು. ನೀರಿನ ಸುತ್ತುವರಿತದಿಂದ ಹನ್ನೊಂದು ಡಿಗ್ರಿಯ ಏರಿಳಿತ ಅಂಟಿನೊಳಗೆ ಐದಕ್ಕೆ ಇಳಿಯಿತು. ತಳ ಹಿಡಿಯುವುದು ಪೂರ್ತಿ ನಿಂತಿತು. ಕಬ್ಬಿಣದ ಡಬ್ಬಿಗಿಂತ ಗಾಜನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ತುಕ್ಕಿನ ಕಬ್ಬಿಣ ಅಂಟಿನಲ್ಲಿ ಬೆರೆತರೆ, ಸಾಗುವಾನಿಯಂಥ ಚೊಗರಿರುವ ಮರಗಳ ಬೆಸುಗೆಯಲ್ಲಿ ಕಪ್ಪು ಗೆರೆ ಮೂಡುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ.

ಗುಂಡಿಯ ಅಂಕಿಗಳನ್ನು ಬಿಟ್ಟು ನನ್ನದೇ ಗುರುತು ಮಾಡಿಕೊಂಡೆ. ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲ ಮುಕ್ಕಾಲು ಗಂಟೆ ಕಾದು, ಅಂಟಿನೊಳಗಿನ ಬಿಸಿ ನೋಡುತ್ತ ಒಂದು ಇಡೀ ದಿನ ಕಳೆಯಿತು. ಸರಿಯಾದ ಜಾಗ 45 ಮತ್ತು 50ರ ನಡುವೆ ಸಿಕ್ಕಿತು. ಮಗಳ ಉಗುರುಬಣ್ಣದಿಂದ ಅಲ್ಲೊಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ನಿಮ್ಮ ಹೀಟರಿನಲ್ಲಿ ಆ ಜಾಗ ಬೇರೆಯಾಗಿರುತ್ತದೆ, ಬೇಸಿಗೆಗೂ ಮಾಗಿಯ ಚಳಿಗೂ ತುಸು ಸರಿಯುತ್ತದೆ. ಈ ಒಂದು ದಿನದ ತಾಳ್ಮೆಯನ್ನು ಯಾರೂ ಉಳಿಸಿಕೊಳ್ಳಲು ಹೋಗಬಾರದು. ಅಡುಗೆಗೆ ಬಳಸುವ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ 250 ರೂಪಾಯಿಗೆ ಸಿಗುತ್ತದೆ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ನೂರರ ಆಸುಪಾಸು ತೋರಿಸುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಘಟ್ಟದ ಎತ್ತರದಲ್ಲಿ ನೀರು ಎರಡು ಡಿಗ್ರಿ ಮೊದಲೇ ಕುದಿಯುತ್ತದೆ ಎಂಬುದು ನೆನಪಿರಲಿ; ಸುಮಾರು ಮುನ್ನೂರು ಮೀಟರು ಮೇಲೆ ಹೋದರೆ ಒಂದು ಡಿಗ್ರಿ ಇಳಿಯುತ್ತದೆ. ಹಣ ಕಡಿಮೆ ಇದ್ದರೆ ಪಾತ್ರೆಯಲ್ಲಿ ಉಳಿತಾಯ ಮಾಡಿ, ಥರ್ಮಾಮೀಟರಿನಲ್ಲಿ ಬೇಡ.

ಇಷ್ಟರಲ್ಲೇ ನಿಲ್ಲಿಸಿದರೂ ವ್ಯಾಕ್ಸ್ ಹೀಟರ್ ಒಳ್ಳೆಯ ಉಪಕರಣವೇ. ಆರು ತಿಂಗಳ ನಂತರ ನಾನು ಅದಕ್ಕೆ ಎಸ್‌ಟಿಸಿ-1000 ಎಂಬ ಡಿಜಿಟಲ್ ನಿಯಂತ್ರಕವನ್ನು ಸೇರಿಸಿದೆ. ಕೋಳಿಮರಿ ಮಾಡಿಸುವ ಪೆಟ್ಟಿಗೆಗಳಿಗೂ ಮೀನಿನ ತೊಟ್ಟಿಗಳಿಗೂ ಇದನ್ನೇ ಬಳಸುತ್ತಾರೆ. ಬೆಲೆ 500 ರೂಪಾಯಿಯ ಆಚೀಚೆ. ತಂತಿಯ ತುದಿಯಲ್ಲಿರುವ ಸಂವೇದಕವನ್ನು ನೀರಿನಲ್ಲಿ ಇಳಿಬಿಟ್ಟು, ನಿಯಂತ್ರಕದಲ್ಲಿ 63 ಎಂದೂ ಅಂತರ ಒಂದು ಡಿಗ್ರಿ ಎಂದೂ ಹೊಂದಿಸಿದರೆ, ಅದೇ ಹೀಟರಿನ ವಿದ್ಯುತ್ತನ್ನು ಕಡಿದು ಕೂಡಿಸುತ್ತ ಅಂಟನ್ನು ಇಡೀ ದಿನ 61ರಿಂದ 63ರೊಳಗೆ ಇಡುತ್ತದೆ. ಬೆಳಗ್ಗೆ ಎಂಟಕ್ಕೆ ಹಾಕಿದ ಸರೇಸು ಸಂಜೆ ಐದಕ್ಕೂ ಎಳೆ ಬಿಟ್ಟಿತು. ಕುಕ್ಕರಿನಲ್ಲಿ ನಾಲ್ಕು ಡಿಗ್ರಿ ಮೇಲೇರುತ್ತಿದ್ದ ಬಿಸಿ ಇಲ್ಲಿ ಒಂದಕ್ಕೆ ನಿಂತಿತು. ಹೀಟರ್, ನಿಯಂತ್ರಕ, ಅದನ್ನು ಕೂರಿಸಿದ ಪ್ಲಾಸ್ಟಿಕ್ ಪೆಟ್ಟಿಗೆ, ಪ್ಲಗ್ಗು, ವೈರು ಎಲ್ಲ ಸೇರಿ 1,600 ರೂಪಾಯಿ ಮುಟ್ಟಲಿಲ್ಲ.

ಈ ಜೋಡಣೆಯಲ್ಲಿ ಒಂದು ಅಪಾಯವಿದೆ. ಸಂವೇದಕ ನೀರಿನಿಂದ ಹೊರಗೆ ಬಿದ್ದರೆ ಅದು ಕೋಣೆಯ ತಣ್ಣನೆಯ ಗಾಳಿಯನ್ನು ಅಳೆಯುತ್ತ, ಇನ್ನೂ ಬಿಸಿ ಬೇಕೆಂದು ಹೀಟರನ್ನು ನಡೆಸುತ್ತಲೇ ಇರುತ್ತದೆ. ಆದ್ದರಿಂದ ಹೀಟರಿನ ಸ್ವಂತ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಡಬಾರದು. ಅದು ತಾನೇ 75ರ ಸುಮಾರಿಗೆ ಕಡಿಯುವ ಜಾಗದಲ್ಲಿ ಇಟ್ಟುಕೊಂಡರೆ, ಮೊದಲನೆಯ ಕಾವಲು ತಪ್ಪಿದರೂ ಎರಡನೆಯದು ಹಿಡಿಯುತ್ತದೆ. ಸಂವೇದಕದ ತಂತಿಯನ್ನು ಬಕೆಟ್ಟಿನ ಹಿಡಿಕೆಗೆ ದಾರದಿಂದ ಕಟ್ಟಿದ್ದೇನೆ.

ದೋಷಗಳನ್ನೂ ಹೇಳಬೇಕು. ನಾನು ಕೊಂಡ ಎರಡೂ ಹೀಟರುಗಳಿಗೆ ಎರಡು ಕಡ್ಡಿಯ ಪ್ಲಗ್ಗು ಬಂದಿತ್ತು, ಭೂಸಂಪರ್ಕದ ತಂತಿಯೇ ಇರಲಿಲ್ಲ. ಲೋಹದ ಬಕೆಟ್ಟು, ಒಳಗೆ ನೀರು, ಮಳೆಗಾಲದ ಒದ್ದೆ ನೆಲ, ಅಂಟು ಮೆತ್ತಿದ ಕೈ. ಇಂಥ ಕಡೆ ಭೂಸಂಪರ್ಕ ಇಲ್ಲದಿರುವುದನ್ನು ನಾನು ಒಪ್ಪಲಾರೆ. ಪರಿಚಯದ ಎಲೆಕ್ಟ್ರಿಷಿಯನ್ನರಿಂದ ಮೂರು ತಂತಿಯ ವೈರು ಹಾಕಿಸಿ, ಒಳಗಿನ ಲೋಹದ ತೊಟ್ಟಿಗೆ ಭೂಸಂಪರ್ಕ ಕೊಡಿಸಿ, ಕಾರ್ಯಾಗಾರದ ಬೋರ್ಡಿಗೆ ವಿದ್ಯುತ್ ಸೋರಿಕೆಯಾದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಕೂಡಿಸಿದ್ದೇನೆ. ಇದನ್ನು ಮಾಡಿಸದೆ ನೀರಿನ ಜೊತೆ ಇದನ್ನು ಬಳಸಬೇಡಿ. ಬಕೆಟ್ಟನ್ನು ಹೊರಗೆ ತೆಗೆದೇ ನೀರು ತುಂಬಬೇಕು, ಹೊರಮೈ ಒರೆಸಿಯೇ ಒಳಗೆ ಇಡಬೇಕು.

ಎರಡನೆಯ ಹೀಟರನ್ನು ಅಂಚೆಯಲ್ಲಿ ತರಿಸಿದ್ದೆ. ಅದರ ಥರ್ಮೋಸ್ಟಾಟ್ ಮೊದಲ ದಿನವೇ ಅಂಟಿಕೊಂಡು, ಸಂಪರ್ಕ ಕಡಿಯದೆ, ನೀರು ಕುದಿದು ಆವಿಯಾಗುವವರೆಗೆ ಓಡಿತು. ನೆನೆಹಾಕಿದ ಅಂಟೆಲ್ಲ ಹಾಳಾಯಿತು. ಮಾರಿದವರು ಎರಡು ವಾರ ಸತಾಯಿಸಿ ಕೊನೆಗೆ ಹಣ ಹಿಂದಿರುಗಿಸಿದರು. ಹೀಟರ್ ಹೊಸದಾಗಿ ಕೊಂಡವರು ಮೊದಲ ಸಲ ಬರೀ ನೀರು ಹಾಕಿ, ಪಕ್ಕದಲ್ಲೇ ಕುಳಿತು, ದೀಪ ಆರುವುದನ್ನು ಕಣ್ಣಾರೆ ನೋಡಬೇಕು. ಅಂಗಡಿಯಲ್ಲೇ ಹಾಕಿಸಿ ನೋಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆ ಒಂದು ಕಾರಣಕ್ಕೆ ನಾನು ಈಗ ಶಿವಮೊಗ್ಗಕ್ಕೆ ಹೋದಾಗಲೇ ಕೊಳ್ಳುತ್ತೇನೆ.

ದಿನದ ಬಳಕೆಯಲ್ಲಿ ಗಮನಿಸಬೇಕಾದದ್ದು ನೀರಿನ ಆವಿ. ಮುಚ್ಚಳ ತೆಗೆದಿಟ್ಟರೆ ಹಾಲಿಗೆ ಕೆನೆ ಕಟ್ಟಿದಂತೆ ಸರೇಸಿನ ಮೇಲೆ ಪೊರೆ ಕಟ್ಟುತ್ತದೆ, ಕೆಳಗಿನ ಅಂಟು ದಪ್ಪಗಾಗುತ್ತದೆ. ಶೀಸೆಯ ಹೊರಗೆ ಬೆಳಗಿನ ಮಟ್ಟಕ್ಕೆ ಒಂದು ಗೆರೆ ಎಳೆದು, ಇಳಿದಷ್ಟು ಬಿಸಿ ನೀರನ್ನು ಚಮಚದಿಂದ ಸೇರಿಸುತ್ತೇನೆ. ಬ್ರಷ್ಷನ್ನು ಎತ್ತಿ ಹಿಡಿದಾಗ ಅಂಟು ಹನಿ ಹನಿಯಾಗಿ ತುಂಡಾಗದೆ, ಗಂಟಾಗದೆ, ಸಣ್ಣ ಧಾರೆಯಾಗಿ ಇಳಿದರೆ ಅಳತೆ ಸರಿ. ಉಳಿದ ಅಂಟನ್ನು ಆರಿಸಿ, ಲೋಳೆಯಾದ ಮೇಲೆ ತುಂಡು ಮಾಡಿ ಫ್ರಿಜ್ಜಿನಲ್ಲಿಡುತ್ತೇನೆ. ಎರಡು ಮೂರು ಸಲಕ್ಕಿಂತ ಹೆಚ್ಚು ಕಾಯಿಸಿದ್ದನ್ನು ವಾದ್ಯಕ್ಕೆ ಬಳಸುವುದಿಲ್ಲ.

ಪಾತ್ರೆ ಎಷ್ಟೇ ಚೆನ್ನಾಗಿದ್ದರೂ, ಮರ ತಣ್ಣಗಿದ್ದರೆ ಪ್ರಯೋಜನವಿಲ್ಲ. ಮಾರ್ಗಶಿರದ ಬೆಳಗಿನಲ್ಲಿ ನಮ್ಮ ಕಡೆಯ ಮರ ಮುಟ್ಟಿದರೆ ಕಲ್ಲಿನಂತಿರುತ್ತದೆ. 62 ಡಿಗ್ರಿಯ ಅಂಟು ಅದಕ್ಕೆ ತಗಲಿದ ಕೂಡಲೇ ಮೂವತ್ತರ ಆಸುಪಾಸಿಗೆ ಇಳಿದು ಲೋಳೆ ಕಟ್ಟುತ್ತದೆ; ಕೈಯಲ್ಲಿರುವ ಕಾಲ ಒಂದು ನಿಮಿಷವೂ ಇಲ್ಲ. ಕೂಡಿಸುವ ಎರಡೂ ಅಂಚುಗಳನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಂಡರೆ ಕ್ಲಾಂಪ್ ಬಿಗಿಯುವಷ್ಟು ಸಮಯ ಸಿಗುತ್ತದೆ.

1959ರಲ್ಲಿ ಫೆವಿಕಾಲ್ ಬಂದ ಮೇಲೆ ಬಡಗಿಗಳ ಕೈಯಿಂದ ಸರೇಸು ಜಾರುತ್ತ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ನೆನೆಸುವ, ಕಾಯಿಸುವ ಗೋಜಿಲ್ಲ, ವಾಸನೆಯಿಲ್ಲ. ಹೊಸ ಬಾಗಿಲು ಕಿಟಕಿಗೆ ನಾನೂ ಬಿಳಿ ಅಂಟನ್ನೇ ಬಳಸುತ್ತೇನೆ. ಆದರೆ ದುರಸ್ತಿಯಲ್ಲಿ ಲೆಕ್ಕ ಬೇರೆ. ಕಳೆದ ಚೈತ್ರದಲ್ಲಿ ಒಂದು ಹಳೆಯ ಹಾರ್ಮೋನಿಯಂ ಬಂದಿತ್ತು. ಒಳಗಿನ ಹಲಗೆಯ ಅಂಚಿಗೆ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟು ಹತ್ತು ನಿಮಿಷ ಕಾದೆ. ತೆಳುವಾದ ಅಲಗನ್ನು ಸಂದಿಗೆ ಇಳಿಸಿದಾಗ ಹಳೆಯ ಸರೇಸು ಜೇನಿನ ಬಣ್ಣದ ಲೋಳೆಯಾಗಿ ಅಲಗಿನ ಎರಡೂ ಬದಿಗೆ ಹೊರಬಂತು, ಹಲಗೆ ಒಂದು ಚಕ್ಕೆಯೂ ಏಳದೆ ಬಿಟ್ಟುಕೊಂಡಿತು. ಅದರ ಮೇಲೆಯೇ ಹೊಸ ಸರೇಸು ಹಚ್ಚಿ ಕೂಡಿಸಿದರೆ ಹಳೆಯದು ಹೊಸದು ಒಂದಾಗುತ್ತವೆ. ಹಿಂದೊಮ್ಮೆ ಯಾರೋ ಬಿಳಿ ಅಂಟು ಹಾಕಿದ್ದ ಇನ್ನೊಂದು ಬದಿಯಲ್ಲಿ ಇಡೀ ಮಧ್ಯಾಹ್ನ ಉಳಿಯಿಂದ ಕೆರೆಯಬೇಕಾಯಿತು, ಆದರೂ ಮರದ ನಾರು ಕಿತ್ತು ಬಂತು.

ಮಳೆಗಾಲದ ವಿಷಯದಲ್ಲಿ ಗ್ರಾಹಕರಿಗೆ ನಿಜ ಹೇಳುತ್ತೇನೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ನೀರು ತಗಲುವ ಜಾಗದಲ್ಲಿ ಇಡುವ ಪೀಠೋಪಕರಣಕ್ಕೆ ಸರೇಸು ಹೊಂದುವುದಿಲ್ಲ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಗಾಳಿಯ ತೇವಕ್ಕೆ ಅದು ಮೆದುವಾಗಬಹುದು, ಬೂಷ್ಟು ಹಿಡಿಯಬಹುದು. ಒಳಗೆ ಬೆಚ್ಚಗೆ ಇರುವ, ಮೇಲೆ ಪಾಲಿಶ್ ಇರುವ ವಸ್ತುವಿಗೆ ಭಯವಿಲ್ಲ. ಒಣ ಹರಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ದೇವರ ಮಂಟಪ, ಮಣೆ, ತೀರ್ಥದ ಪೆಟ್ಟಿಗೆ ದುರಸ್ತಿಗೆ ಬಂದರೆ, ಇದು ಚರ್ಮದ ಅಂಟು ಎಂದು ಮೊದಲೇ ತಿಳಿಸುತ್ತೇನೆ. "ಬೇಡ ಮಾರಾಯ್ರೆ, ಬೇರೆ ಹಾಕಿ" ಎಂದರೆ ಬೇರೆಯದನ್ನೇ ಹಾಕುತ್ತೇನೆ. ಅವರ ಮನೆಯ ವಸ್ತು, ಅವರ ನಂಬಿಕೆ.

ವಿದ್ಯುತ್ ಹೋಗುವುದು ಮಾತ್ರ ಈ ಮೂರೂ ಪಾತ್ರೆಗಳಿಗೆ ಸಮಾನವಾದ ಕೊರತೆ. ಗಾಳಿಮಳೆಗೆ ಮರ ಉರುಳಿ ಲೈನು ಹೋದರೆ ಸಂಜೆಯವರೆಗೂ ಬಾರದ ದಿನಗಳಿವೆ. ವ್ಯಾಕ್ಸ್ ಹೀಟರಿನ ಮೇಲೆ ಕಂಬಳಿಯ ತುಂಡು ಸುತ್ತಿದರೆ ಅಂಟು ಇಪ್ಪತ್ತು ನಿಮಿಷ 55ಕ್ಕಿಂತ ಮೇಲೆ ನಿಲ್ಲುತ್ತದೆ, ಕೈಯಲ್ಲಿರುವ ಬೆಸುಗೆ ಮುಗಿಸಲು ಅಷ್ಟು ಸಾಕು. ಆಮೇಲೆ ಶೀಸೆಯನ್ನು ಎತ್ತಿಕೊಂಡು ಹಿತ್ತಿಲ ಬಚ್ಚಲಿಗೆ ಹೋಗುತ್ತೇನೆ. ಹಂಡೆಯ ಒಲೆಯ ಬಾಯಲ್ಲಿ ಕೆಂಡ ಸರಿಸಿ, ಅಗಲ ಬಾಯಿಯ ತಾಮ್ರದ ಚೆಂಬಿನಲ್ಲಿ ನೀರಿಟ್ಟು, ಶೀಸೆಯನ್ನು ಅದರೊಳಗೆ ಇಳಿಸಿ, ಥರ್ಮಾಮೀಟರ್ 64 ತೋರಿಸಿದಾಗ ಚೆಂಬನ್ನು ಕೆಂಡದಿಂದ ಒಂದು ಗೇಣು ಹಿಂದಕ್ಕೆ ಎಳೆಯುತ್ತೇನೆ, 60ಕ್ಕೆ ಇಳಿದಾಗ ಮತ್ತೆ ಮುಂದಕ್ಕೆ ತಳ್ಳುತ್ತೇನೆ.